ಹಡಗು ಹತ್ತದ ಹತ್ತು ವರ್ಷ

ಟ್ರೊಂಡ್‌ಹೈಮ್
11 ಫೆಬ್ರವರಿ 1996

ಚಿತ್ತಿ,

ನಿಮ್ಮ ನಾಲ್ಕು ವರ್ಷಗಳನ್ನು ಕದ್ದಿದ್ದಾರೆ. ಬೇರೆ ಮಾತಿನಿಂದ ಈ ಪತ್ರ ಶುರುಮಾಡಲು ನನಗೆ ಮನಸ್ಸಿಲ್ಲ.

ನಿನ್ನೆ ಫೋನಿನಲ್ಲಿ ನೀವು ನಗುತ್ತಲೇ ಹೇಳಿದಿರಿ: "ಕಾರ್ಖಾನೆಗೆ ಐವತ್ತು ವರ್ಷ ತುಂಬ್ತು ಕಣೇ. ಹತ್ತು ವರ್ಷ ದುಡಿದೋರಿಗೆ ಕರಾವಳಿ ಹಡಗಿನ ಪೂರ್ತಿ ಹನ್ನೊಂದು ದಿನದ ಪ್ರಯಾಣ, ಜೊತೆಗೊಬ್ಬರನ್ನ ಕರ್ಕೊಂಡು ಹೋಗ್ಬಹುದು. ನಮಗೆ ಥರ್ಮಾಸ್ ಫ್ಲಾಸ್ಕು. ಒಳ್ಳೇದಿದೆ, ಬೆಳಿಗ್ಗೆ ಹಾಕಿದ ಚಹಾ ಸಂಜೇವರೆಗೂ ಬಿಸಿ."

ನೀವು ಸ್ಕಾರ್ವ್‌ನೆಸ್‌ಗೆ ಬಂದದ್ದು 1985ರ ಡಿಸೆಂಬರಿನಲ್ಲಿ. ಮರುವರ್ಷ ನಾನು ಹತ್ತರ ಹುಡುಗಿ, ಕೊರಳಿಗೆ ಹೆಸರಿನ ಚೀಟಿ ಕಟ್ಟಿಸಿಕೊಂಡು ಶ್ರೀಲಂಕಾದ ಯಾಳ್ಪಾಣದಿಂದ ಅಮ್ಮನ ತಂಗಿಯಾದ ನಿಮ್ಮ ಬಳಿಗೆ ಬಂದೆ. ಮೊದಲ ನಾಲ್ಕು ವರ್ಷ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಪ್ರತಿ ಡಿಸೆಂಬರಿನಲ್ಲಿ ನಿಮ್ಮನ್ನೆಲ್ಲ ಕೆಲಸದಿಂದ ಬಿಡಿಸುತ್ತಿದ್ದರು. ಜನವರಿಯಲ್ಲಿ ಮೀನು ಸಾಗುವ ಅದೇ ಬೆಲ್ಟಿನ ಮುಂದೆ, ಅದೇ ಚಾಕು ಕೊಟ್ಟು, ಹೊಸಬರೆಂದು ಬರೆದುಕೊಂಡು ನಿಲ್ಲಿಸುತ್ತಿದ್ದರು. ಆದ್ದರಿಂದ ನಿಮ್ಮ ಸೇವೆ 1990ರಿಂದ ಶುರುವಂತೆ! ಹಾಗಾದರೆ ಆ ನಾಲ್ಕು ವರ್ಷ ಮೀನು ಸೀಳಿದ ಕೈ ಯಾರದು?

ಪಟ್ಟಿಯಲ್ಲಿ ಆರು ಹೆಸರು, ಆರೂ ನಾರ್ವೆಯವರದು. ನೀವು ಹನ್ನೊಂದು ತಮಿಳು ಹೆಂಗಸರಲ್ಲಿ ಒಬ್ಬರ ಹೆಸರೂ ಇಲ್ಲ.

ಆ ಹಡಗಿನ ಮೇಲೆ ನನಗೇನೂ ಮೋಹವಿಲ್ಲ. ಉಳ್ಳವರು ಗಾಜಿನ ಹಿಂದೆ ಬೆಚ್ಚಗೆ ಕೂತು, ದಡದಲ್ಲಿರುವ ದುಡಿಯುವವರ ಅಡುಗೆಮನೆಯ ದೀಪ ನೋಡಿ 'ಎಷ್ಟು ಚೆಂದ' ಎನ್ನುವ ಏರ್ಪಾಡು ಅದು. ಆದರೆ ನಿಮ್ಮ ಗೋಡೆಯ ಮೇಲೆ ನಲ್ಲೂರು ಮುರುಗನ ಪಟದ ಪಕ್ಕದಲ್ಲಿ, ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಹಡಗಿನ ಹನ್ನೆರಡು ಚಿತ್ರಗಳಿವೆ. ಸಂಜೆ ಎಂಟೂಕಾಲಿಗೆ ದಕ್ಷಿಣಕ್ಕೆ ಹೋಗುವ ಹಡಗು ಬರುವ ಹೊತ್ತಿಗೆ, ಮೀನು ನಾರುವ ಮೇಲಂಗಿಯಲ್ಲೇ ನನ್ನ ಕೈ ಹಿಡಿದು ಕಟ್ಟೆಗೆ ಓಡುತ್ತಿದ್ದಿರಿ. ಅದು ಹೊರಡುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ನನಗೆ ಹಡಗು ಬೇಡ. ನಿಮಗೆ ಸಲ್ಲಬೇಕಾದದ್ದು ನಿಮಗೆ ಸಲ್ಲಬೇಕು.

ಕಾರ್ಮಿಕರ ಪ್ರತಿನಿಧಿಯನ್ನು ಕೇಳಿ. ಬರಹದಲ್ಲಿ ಕೇಳಿ. ಬೇಡಬೇಡಿ, ಕೇಳಿ.

ಕಯಲ್‌ವಿಳಿ


ಸ್ಕಾರ್ವ್‌ನೆಸ್
25 ಫೆಬ್ರವರಿ 1996

ಕಯಲ್ ಕಣ್ಣೇ,

ನಿನ್ನ ಪತ್ರ ಬಂತು. ಫೋನಿನಲ್ಲಿ ನೀನು ಭಾಷಣ ಮಾಡುತ್ತೀಯ. ಕಾಗದವಾದರೆ ಮಧ್ಯೆ ನಿಲ್ಲಿಸಿ ಚಹಾ ಕುಡಿಯಬಹುದು, ಅದಕ್ಕೇ ಕಾಗದವೇ ವಾಸಿ. ಫ್ಲಾಸ್ಕಿನಿಂದಲೇ ಕುಡಿದೆ, ಬೈಯಬೇಡ.

ಈಗ ಮೀನಿನ ಸುಗ್ಗಿ. ದೋಣಿಗಳು ಒಂದರ ಹಿಂದೆ ಒಂದು ಬರುತ್ತಿವೆ. ಹತ್ತು ಗಂಟೆ ನಿಂತು ಮನೆಗೆ ಬಂದರೆ ಬೆರಳು ಬಿಸಿನೀರಿನಲ್ಲಿ ಅದ್ದುವವರೆಗೂ ಬಿಚ್ಚಿಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಂತು ಸೀಳುವ ತವಮಣಿ ಅಕ್ಕನದೂ ಅದೇ ಪಾಡು, ಆದರೂ ನಿನಗೆ ಕರಿಬೇವು ಒಣಗಿಸಿ ಇಟ್ಟಿದ್ದಾಳೆ.

ಪ್ರತಿನಿಧಿಯೆಂದರೆ ಗುನ್‌ವೊರ್ ತಾನೆ. ಈಚೆಗೆ ಊಟದ ಹೊತ್ತಿಗೆ ನನ್ನ ಪಕ್ಕದಲ್ಲೇ ಬಂದು ಕೂರುತ್ತಾಳೆ. ಒಳ್ಳೆಯ ಹೆಂಗಸು, ಮಾತು ಮಾತ್ರ ಮೀನಿನ ಮುಳ್ಳು. ನಾಲ್ಕು ವರ್ಷದ ವಿಷಯ ನನಗೂ ಗೊತ್ತಿದೆ, ಮರೆತಿಲ್ಲ. ಆದರೆ ನೀನು ಸ್ವಲ್ಪ ತಡೆ. ಜೂನ್ ಕಳೆಯಲಿ.

ಒಂದು ಉಪಕಾರ ಮಾಡು. ಅಲ್ಲಿ ನನ್ನ ಅಳತೆಯ ಕೋಟು ಸಿಕ್ಕೀತೇ? ಮಳೆಗೂ ಗಾಳಿಗೂ ತಡೆಯುವಂಥದ್ದು, ತಲೆ ಮುಚ್ಚುವಂಥದ್ದು. ಬಣ್ಣ ಯಾವುದಾದರೂ ಸರಿ, ಮೀನು ಕಾರ್ಖಾನೆಯ ಬಿಳಿ ಬೇಡ. ಏಕೆಂದು ಕೇಳಬೇಡ.

ನಿನ್ನ ಚಿತ್ತಿ,
ಪುನಿತವತಿ


ಟ್ರೊಂಡ್‌ಹೈಮ್
10 ಮಾರ್ಚ್ 1996

ಚಿತ್ತಿ,

ಕೋಟು ಕಳಿಸಿದ್ದೇನೆ, ಕೆಂಪು. ಏಕೆಂದು ಕೇಳಬೇಕಾದ್ದಿಲ್ಲ. ಮುಂಜಾನೆ ನಿಮ್ಮನ್ನು ಕರೆದೊಯ್ಯುವ ವ್ಯಾನನ್ನು ಕಾರ್ಖಾನೆಯವರು ನಿಲ್ಲಿಸಿಬಿಟ್ಟಿರಬೇಕು, ನೀವು ಹಿಮದಲ್ಲಿ ನಡೆದು ಹೋಗುತ್ತಿರಬೇಕು, ನನಗೆ ಹೇಳಿದರೆ ಕೂಗಾಡುತ್ತೇನೆಂದು ಮುಚ್ಚಿಡುತ್ತಿದ್ದೀರಿ.

'ಸ್ವಲ್ಪ ತಡೆ' ಎನ್ನುವ ಮಾತನ್ನು ನಾನು ಎಷ್ಟು ಕರಪತ್ರಗಳಲ್ಲಿ ಓದಿದ್ದೇನೆ ಗೊತ್ತೇ? ಕಬ್ಬಿಣದ ಗಣಿಯವರಿಗೂ ಅದನ್ನೇ ಹೇಳಿದ್ದರು. ಲಾಂಡ್ರಿ ಹೆಂಗಸರಿಗೂ ಅದನ್ನೇ ಹೇಳಿದ್ದರು. ಅದು ಹೆದರಿಕೆ ಹಾಕಿಕೊಂಡ ವೇಷ, ಚಿತ್ತಿ. ನಿಮ್ಮ ತಪ್ಪಲ್ಲ. ಹತ್ತು ವರ್ಷ ತಲೆ ಬಗ್ಗಿಸಿ ಮೀನು ಸೀಳಿದವರಿಗೆ ತಲೆ ಎತ್ತುವುದಕ್ಕೆ ಹೊತ್ತು ಹಿಡಿಯುತ್ತದೆ.

ತವಮಣಿ ಅಕ್ಕನಿಗೆ ಫೋನು ಮಾಡಿದ್ದೆ. ಆ ಪಟ್ಟಿಯನ್ನು ಬರೆದವಳೇ ನಿಮ್ಮ ಗುನ್‌ವೊರ್ ಅಂತೆ! ನಿಮ್ಮ ಪಕ್ಕ ಕೂತು ಬ್ರೆಡ್ಡು ತಿನ್ನುವವಳು! ಅವಳ ಪಾಪಪ್ರಜ್ಞೆಗೆ ನೀವು ಕುರ್ಚಿ ಸರಿಸಿ ಜಾಗ ಕೊಡುತ್ತಿದ್ದೀರಿ.

ಕಾರ್ಮಿಕರ ಪತ್ರಿಕೆಗೆ ಬರೆದಿದ್ದೇನೆ. ಶುಕ್ರವಾರ ಅಚ್ಚಾಗುತ್ತದೆ. ನಿಮ್ಮ ಹೆಸರು, ಹತ್ತು ವರ್ಷ, ಫ್ಲಾಸ್ಕು, ಎಲ್ಲವೂ ಇದೆ. ಕೊನೆಯ ಸಾಲು ಇದು: "ಕಾರ್ಮಿಕರ ಪ್ರತಿನಿಧಿ ಎನಿಸಿಕೊಂಡ ಗುನ್‌ವೊರ್ ತನ್ನ ಕೈಯಾರೆ ಹನ್ನೊಂದು ಹೆಂಗಸರನ್ನು ಬಿಟ್ಟು ಪಟ್ಟಿ ಬರೆದಳು, ಅದೇ ಕೈಯಿಂದ ತನ್ನ ಹೆಸರನ್ನು ಸೇರಿಸಿಕೊಂಡಳು." ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ತೋರಿಸಿ.

ಕಯಲ್


ಸ್ಕಾರ್ವ್‌ನೆಸ್
24 ಮಾರ್ಚ್ 1996

ಕಯಲ್,

ಕೋಟು ಬಂತು. ಅಳತೆ ಸರಿಯಾಗಿದೆ. ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಪತ್ರಿಕೆಯೂ ಬಂತು. ಯಾರೋ ಊಟದ ಕೋಣೆಯ ಹಲಗೆಗೆ ಚುಚ್ಚಿದ್ದಾರೆ.

ವ್ಯಾನು ನಿಂತಿಲ್ಲ. ದಿನಾ ಬರುತ್ತದೆ.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ಚಿತ್ತಿ


ಟ್ರೊಂಡ್‌ಹೈಮ್
8 ಏಪ್ರಿಲ್ 1996

ಚಿತ್ತಿ,

ಮೊದಲ ಜಯ ನಮ್ಮದು! ತವಮಣಿ ಅಕ್ಕ ಫೋನಿನಲ್ಲಿ ಹೇಳಿದಳು: "ಗುನ್‌ವೊರ್ ಟಿಕೇಟು ವಾಪಸ್ ಕೊಟ್ಲಂತೆ ಕಣೇ. ಆಫೀಸಿಗೆ ಹೋಗಿ ಮೇಜಿನ ಮೇಲೆ ಇಟ್ಟು ಬಂದ್ಲಂತೆ." ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಣಿದಾಡಿದೆ. ನೋಡಿದಿರಾ, ಒಂದು ಕಾಗದ! ಗೆಳತಿಯರಿಗೆಲ್ಲ ಹೇಳಿದೆ: ನಮ್ಮ ಚಿತ್ತಿಯ ಹೆಸರಿನಲ್ಲಿ ಒಬ್ಬಳು ಹಡಗಿನಿಂದ ಇಳಿದಳು, ಇನ್ನು ಐವರು ಇಳಿಯುತ್ತಾರೆ.

ಮೇ ಒಂದರ ಮೆರವಣಿಗೆಗೆ ನಾನೇ ಫಲಕ ಬರೆಯುತ್ತಿದ್ದೇನೆ. ಮಧ್ಯದಲ್ಲಿ ದೊಡ್ಡ ಫ್ಲಾಸ್ಕು, ಕೆಳಗೆ 'ನಾಲ್ಕು ವರ್ಷ ಎಲ್ಲಿ?'

ನೀವು ಮಾತ್ರ ಏನೂ ಬರೆಯುತ್ತಿಲ್ಲ. ಈ ಗೆಲುವು ನಿಮ್ಮದು. ಅಷ್ಟಾದರೂ ನಂಬಿ.

ಕಯಲ್


ಟ್ರೊಂಡ್‌ಹೈಮ್
2 ಮೇ 1996

ಚಿತ್ತಿ,

ನಿಮ್ಮಿಂದ ಪತ್ರ ಬಂದು ಐದು ವಾರವಾಯಿತು. ಫೋನು ಎತ್ತುತ್ತಿಲ್ಲ. ತವಮಣಿ ಅಕ್ಕನನ್ನು ಕೇಳಿದರೆ "ಅವಳು ಚೆನ್ನಾಗಿದ್ದಾಳೆ, ಕೆಲಸಕ್ಕೆ ಬರ್ತಾಳೆ, ಹೋಗ್ತಾಳೆ" ಎಂದು ವಿಷಯ ಬದಲಿಸುತ್ತಾಳೆ.

ನಿನ್ನೆ ಮೆರವಣಿಗೆಯಲ್ಲಿ ಮಳೆ ಸುರಿಯಿತು. ನನ್ನ ಫಲಕದ ಅಕ್ಷರಗಳೆಲ್ಲ ತೊಳೆದುಹೋಗಿ ಫ್ಲಾಸ್ಕು ಮಾತ್ರ ಉಳಿಯಿತು. ಒಬ್ಬ ಅಜ್ಜ ಹತ್ತಿರ ಬಂದು, "ಯಾವ ಕಂಪನೀದಮ್ಮ ಇದು? ನನ್ನದೂ ಸೋರ್ತಿದೆ" ಎಂದ. ನಿಮಗೆ ಹೇಳಿ ನಗಬೇಕೆನಿಸಿತು. ಫೋನು ಬಡಿದುಕೊಳ್ಳುತ್ತಲೇ ಇತ್ತು.

ನಾನು ಏನಾದರೂ ತಪ್ಪು ಮಾಡಿದೆನೇ? ವಾದಕ್ಕಲ್ಲ, ಸುಮ್ಮನೆ ಕೇಳುತ್ತಿದ್ದೇನೆ.

ಕಯಲ್


ಸ್ಕಾರ್ವ್‌ನೆಸ್
12 ಮೇ 1996

ಕಯಲ್ ಕಣ್ಣೇ,

ಬರೆಯಲು ಕೂತು ಮೂರು ಸಲ ಎದ್ದೆ. ಈ ಸಲ ಮುಗಿಸುತ್ತೇನೆ.

ಫೆಬ್ರವರಿ ಮೊದಲ ವಾರ ಕೆಲಸ ಮುಗಿದ ಮೇಲೆ ಚಾಕು ತೊಳೆಯುತ್ತಾ ನಿಂತಿದ್ದೆ. ಗುನ್‌ವೊರ್ ಬಂದು ಪಕ್ಕದ ನಲ್ಲಿ ತಿರುಗಿಸಿದಳು. ನನ್ನ ಮುಖ ನೋಡಲಿಲ್ಲ.

"ಪುನಿತಾ, ನನ್ನ ಟಿಕೇಟಲ್ಲಿ ಇಬ್ರು ಹೋಗ್ಬಹುದು. ನನ್ನ ಗಂಡ ಮಣ್ಣಲ್ಲಿ ಮಲಗಿ ಆರು ವರ್ಷ, ಅವನು ಏಳಲ್ಲ. ನೀನು ಬರ್ತೀಯಾ?"

"ನಾನಾ? ನಾನ್ಯಾಕೆ?"

"ಗೊರಕೆ ಹೊಡೀತೀಯಾ?"

"ಗೊತ್ತಿಲ್ಲ. ಒಬ್ಬಳೇ ಮಲಗೋದು, ಯಾರು ಹೇಳ್ತಾರೆ?"

"ಸರಿ. ಹೊಡೆದ್ರೆ ನೀರಿಗೆ ತಳ್ತೀನಿ. ಜೂನಲ್ಲಿ ಹೊರಡೋದು."

ಕೋಟು ಅದಕ್ಕೆ ಬೇಕಿತ್ತು, ಕಣ್ಣೇ. ಹಡಗಿನ ಮೇಲಟ್ಟದಲ್ಲಿ ಗಾಳಿ ಹೆಚ್ಚಂತೆ.

ನಿನಗೇಕೆ ಹೇಳಲಿಲ್ಲ ಎಂದರೆ, ನೀನು ನಗುತ್ತೀಯ ಎಂದು. ಬರೀ ನಕ್ಕರೆ ಸಹಿಸಬಹುದು, ನೀನು ಅರ್ಥ ಬಿಡಿಸಿ ಹೇಳುತ್ತೀಯ. ಇನ್ನೂ ಒಂದಿದೆ. ಹನ್ನೊಂದು ಜನರಲ್ಲಿ ನಾನೊಬ್ಬಳೇ ಹೋಗುತ್ತೇನೆಂದು ತವಮಣಿ ಅಕ್ಕನ ಎದುರು ಹೇಗೆ ಹೇಳಲಿ? ಹಾಗಾಗಿ ಯಾರಿಗೂ ಹೇಳಲಿಲ್ಲ. ಕದ್ದು ಸಿಹಿ ತಿನ್ನುವವಳ ಹಾಗೆ ಗೋಡೆಯ ಮೇಲಿನ ಚಿತ್ರಗಳನ್ನು ನೋಡಿಕೊಂಡು ಓಡಾಡುತ್ತಿದ್ದೆ.

ನಿನಗೆ ಆ ಹಡಗು ಉಳ್ಳವರ ಗಾಜಿನ ಕೋಣೆ. ನನ್ನ ಕಥೆ ಬೇರೆ. ನಿನ್ನ ತಾತ ಪರುತ್ತಿತ್ತುರೈಯ ಕಡಲತೀರದಲ್ಲಿ ಮೀನು ಹಿಡಿಯುವ ತೋಣಿ ಇಟ್ಟಿದ್ದರು. ಹೆಣ್ಣು ಕಾಲಿಟ್ಟರೆ ಬಲೆಗೆ ಮೀನು ಬೀಳುವುದಿಲ್ಲ ಎಂದು ನಿನ್ನ ಅಮ್ಮನನ್ನೂ ನನ್ನನ್ನೂ ದಡದಲ್ಲೇ ನಿಲ್ಲಿಸುತ್ತಿದ್ದರು. ತೋಣಿ ತೊಳೆಯುವುದು ನಾವು, ಹತ್ತುವುದು ಅಣ್ಣ. ಆಮೇಲೆ ಇಲ್ಲಿಗೆ ಬಂದೆ. ಸೂರ್ಯನೇ ಹುಟ್ಟದ ತಿಂಗಳು. ವಿಮಾನದಿಂದ ಇಳಿಸಿ, ವ್ಯಾನಿನಲ್ಲಿ ಕೂರಿಸಿ, ಕೊಳವೆದೀಪದ ಕೆಳಗೆ ನಿಲ್ಲಿಸಿ ಚಾಕು ಕೊಟ್ಟರು. ಪೌರತ್ವದ ಕಾಗದ ಕೊಟ್ಟ ದಿನ ಅಧಿಕಾರಿ ಕೈ ಕುಲುಕಿ, "ಇನ್ಮೇಲೆ ಇದು ನಿನ್ನ ದೇಶ" ಎಂದ. ಹೂಂ ಎಂದೆ. ಈ ದೇಶದಲ್ಲಿ ನಾನು ಚೆನ್ನಾಗಿ ನೋಡಿರುವುದು ಮೀನಿನ ಹೊಟ್ಟೆಯ ಒಳಗನ್ನು ಮಾತ್ರ. ಒಂದು ಸಲ ಇದನ್ನು ಉದ್ದಕ್ಕೂ ನೋಡಿಬಿಟ್ಟರೆ, ನನ್ನದು ಎಂದು ಹೇಳುವಾಗ ನಾಲಿಗೆ ತೊದಲುವುದಿಲ್ಲ ಎನಿಸಿತ್ತು.

ಪತ್ರಿಕೆ ಬಂದ ದಿನ ಗುನ್‌ವೊರ್ ಹಲಗೆಯ ಮುಂದೆ ನಿಂತೇ ಓದಿದಳು. ಕನ್ನಡಕ ಮಡಿಸಿದಳು. ತನ್ನ ಡಬ್ಬಿ ತೆಗೆದುಕೊಂಡು ಕಿಟಕಿಯ ಪಕ್ಕದ ಮೇಜಿಗೆ ಹೋದಳು. ಸೋಮವಾರ ಟಿಕೇಟು ವಾಪಸ್ ಕೊಟ್ಟಳು. ನಮ್ಮವರು "ಬಿಂಕ ನೋಡು" ಎಂದರು. ನಾರ್ವೆಯವರು ನನ್ನ ಕಡೆ ನೋಡುವುದನ್ನು ಬಿಟ್ಟರು. ಈಗ ಎರಡು ತಿಂಗಳಿಂದ ಅವಳು ಕಿಟಕಿಯ ಹತ್ತಿರ ಒಬ್ಬಳೇ ಕೂರುತ್ತಾಳೆ, ನಾನು ಬಾಗಿಲ ಹತ್ತಿರ.

ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ತೋರಿಸಿ ಎಂದಿದ್ದೆಯಲ್ಲ, ಹುಡುಕಿದೆ, ಸಿಗಲಿಲ್ಲ. ಆದರೆ ಕಯಲ್, ಅದರಲ್ಲಿದ್ದದ್ದು ನನ್ನ ಹೆಸರು, ನನ್ನ ವರ್ಷ, ನನ್ನ ಫ್ಲಾಸ್ಕು. ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಚಿತ್ತಿ


ಟ್ರೊಂಡ್‌ಹೈಮ್
19 ಮೇ 1996

ಚಿತ್ತಿ,

ನಿಮ್ಮ ಪತ್ರವನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ಓದಿದೆ. ಆಮೇಲೆ ಒಳಗೆ ಹೋಗಲು ಆಗಲಿಲ್ಲ.

ನಿಮ್ಮ ಜೂನ್ ತಿಂಗಳನ್ನು ನಾನು ಕಿತ್ತುಕೊಂಡೆ. ಕಾರ್ಖಾನೆಯವರು ನಾಲ್ಕು ವರ್ಷ ಕದ್ದರು, ನಾನು ಹನ್ನೊಂದು ದಿನ ಕದ್ದೆ. ಅವರು ನಿಮ್ಮನ್ನು ಕೇಳದೆ ಬರೆದರು. ನಾನೂ ಕೇಳದೆ ಬರೆದೆ. ಇಬ್ಬರ ಅಕ್ಷರ ಬೇರೆ, ಅಭ್ಯಾಸ ಒಂದೇ.

ಆದರೆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ, ಬೈದರೂ ಸರಿ. ನಾಲ್ಕು ವರ್ಷ ಕದ್ದದ್ದು ಕದ್ದದ್ದೇ. ಗುನ್‌ವೊರ್ ನಿಮ್ಮನ್ನು ಕರೆದದ್ದು ಒಳ್ಳೆಯತನ. ಪಟ್ಟಿ ಬರೆದದ್ದು ಅನ್ಯಾಯ. ಎರಡೂ ಒಂದೇ ಹೆಂಗಸಿನಲ್ಲಿ ಇರಬಹುದು ಎಂದು ನಾನು ಓದಿದ ಯಾವ ಕರಪತ್ರದಲ್ಲೂ ಬರೆದಿರಲಿಲ್ಲ.

ಅವರಿಗೊಂದು ಪತ್ರ ಇದರೊಳಗೆ ಇಟ್ಟಿದ್ದೇನೆ. ಆರು ಸಲ ಹರಿದು ಬರೆದದ್ದು. ಕೊಡಬೇಕೋ ಬೇಡವೋ ನೀವೇ ನೋಡಿ. ಈ ಸಲ ಕೇಳಿಯೇ ಮಾಡುತ್ತಿದ್ದೇನೆ.

ಕೋಟನ್ನು ಪೆಟ್ಟಿಗೆಯಿಂದ ತೆಗೆಯಿರಿ, ಚಿತ್ತಿ. ಅದು ಅಲ್ಲಿ ಮಡಿಸಿ ಬಿದ್ದಿರುವುದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಕಯಲ್


ಸ್ಕಾರ್ವ್‌ನೆಸ್
2 ಜೂನ್ 1996

ಕಯಲ್ ಕಣ್ಣೇ,

ಕೋಟು ತೆಗೆದೆ. ಹಾಕಿಕೊಂಡು ಗುನ್‌ವೊರ್ ಮನೆಗೆ ಹೋದೆ. ಕೈಯಲ್ಲಿ ಖಾರದ ಮೀನು ತುಂಬಿ ಕರಿದ ರೋಲ್ಸ್ ಇದ್ದ ಡಬ್ಬಿ. ಬಾಗಿಲು ತಟ್ಟಿದೆ. ಒಳಗಿನಿಂದ ಕೂಗು ಬಂತು:

"ಯಾರದು ತಟ್ಟೋದು? ಈ ಊರಲ್ಲಿ ಬಾಗ್ಲು ತಟ್ಟೋರು ಪಾದ್ರಿ, ಪೊಲೀಸು, ಇಬ್ರೇ!"

ಹತ್ತು ವರ್ಷದಿಂದ ನಾವು ಎಲ್ಲರ ಬಾಗಿಲೂ ತಟ್ಟಿ, ತೆರೆಯುವವರೆಗೆ ಹಿಮದಲ್ಲಿ ನಿಂತಿದ್ದೇವೆ. ಇಲ್ಲಿ ಸುಮ್ಮನೆ ಒಳಗೆ ಹೋಗುವುದಂತೆ! ಹೋದೆ.

ಅವಳು ಕಾಫಿ ಸುರಿದಳು. ನಾನು ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟೆ. ಆಮೇಲೆ ಅವಳೇ ಶುರುಮಾಡಿದಳು.

"ನಿನ್ನ ಹುಡುಗಿ ಬರೆದಿದ್ದು ಸುಳ್ಳಲ್ಲ. ಆಫೀಸಿನೋರು ಹೇಳಿದ್ರು, ನಾನು ಬರೆದೆ. ಬರೀವಾಗ ಕೈ ನಡುಗ್ಲೂ ಇಲ್ಲ, ಅದೇ ನನಗೆ ನಾಚಿಕೆ. ಆಮೇಲೆ, ಪುನಿತಾನ ಕರ್ಕೊಂಡು ಹೋದ್ರೆ ಸರಿಹೋಗತ್ತೆ ಅನ್ಕೊಂಡೆ. ಹನ್ನೊಂದು ಜನಕ್ಕೆ ಮಾಡಿದ್ದನ್ನ ಒಬ್ಬಳ ಹತ್ರ ತೀರಿಸ್ಕೊಳ್ಳೋದು."

"ಮತ್ತೆ ಟಿಕೇಟು ಯಾಕೆ ವಾಪಸ್ ಕೊಟ್ಟೆ?"

"ಅರ್ಧ ಸಿಟ್ಟು, ಅರ್ಧ ನಾಚಿಕೆ. ಯಾವುದು ಜಾಸ್ತಿ ಅಂತ ಇನ್ನೂ ತೂಗಿ ನೋಡಿಲ್ಲ." ಒಂದು ರೋಲ್ ಕಚ್ಚಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅಥವಾ ಖಾರಕ್ಕೇ ಎಂದು ನಾನು ಅಂದುಕೊಂಡೆ. "ನೀನು ನನ್ನನ್ನ ಸಾಯಿಸಕ್ಕೆ ಬಂದಿದೀಯಾ? ಇನ್ನೊಂದು ಕೊಡು."

ಮೂರನೆಯದನ್ನು ಮುಗಿಸಿ, "ಹೋಗೋದಂತೂ ಹೋಗೋಣ, ಏನಂತೀಯಾ?" ಎಂದಳು.

"ಹೇಗೆ? ಟಿಕೇಟಿಲ್ವಲ್ಲ. ಕೋಣೆ ಇಲ್ದೆ ಹಡಗಿಗೆ ಹತ್ತಿಸಲ್ವಲ್ಲ."

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರೂ ಅಂದ್ರೆ?"

"ನಾವು ಹನ್ನೊಂದು ಜನ."

ಕಯಲ್, ಅವಳು ನನ್ನನ್ನು ನೋಡಿದ ಹಾಗೆ ಯಾರೂ ನನ್ನನ್ನು ನೋಡಿಲ್ಲ. ಆಮೇಲೆ ಮೇಜಿಗೆ ಹಣೆ ಹಚ್ಚಿ ನಕ್ಕಳು. "ಅಯ್ಯೋ ಪುನಿತಾ, ಅದು ನಮ್ಮ ಬಸ್ಸು! ನಮ್ಮಮ್ಮ ಹಲ್ಲು ಕೀಳಿಸ್ಕೊಳ್ಳಕ್ಕೂ ಅದರಲ್ಲೇ ಹೋಗ್ತಿದ್ಲು. ಯಾವ ಊರಲ್ಲಿ ಬೇಕಾದ್ರೂ ಹತ್ತು, ಎಲ್ಲಿ ಬೇಕಾದ್ರೂ ಇಳಿ. ಕುರ್ಚಿ ಮೇಲೆ ಕೂರು, ಡಬ್ಬಿ ಬಿಚ್ಚಿ ತಿನ್ನು. ಹತ್ತು ವರ್ಷದಿಂದ ಕಟ್ಟೇಲಿ ನಿಂತು ನೋಡ್ತಿದ್ಯಲ್ಲ, ನಾನು ನಿನಗೆ ಹಡಗಂದ್ರೆ ಭಯ ಅನ್ಕೊಂಡಿದ್ದೆ!"

ಮೊದಲ ಬೇಸಿಗೆಯಲ್ಲಿ ಹಡಗಿನಿಂದ ಇಳಿದವರ ಕೊರಳಲ್ಲೆಲ್ಲ ಕ್ಯಾಮೆರಾ ಇತ್ತು. ಇದು ಅತಿಥಿಗಳ ಹಡಗು ಎಂದು ಅಂದೇ ನಾವು ತೀರ್ಮಾನ ಮಾಡಿಬಿಟ್ಟೆವು. ಊರವರು ಕೈಚೀಲ ಹಿಡಿದು ಹತ್ತುವುದನ್ನೂ ನೋಡಿದ್ದೆವು. ಅವರು ಇಲ್ಲಿಯವರು, ಅವರಿಗೆ ಬೇರೆ ಕಾನೂನು ಇರಬೇಕು ಎಂದುಕೊಂಡೆವು. ಯಾರೂ ಒಂದು ಸಲ ಹೋಗಿ ಕೇಳಲಿಲ್ಲ. ನೀನೂ ಕೇಳಲಿಲ್ಲ, ಕಣ್ಣೇ. ಟ್ರೊಂಡ್‌ಹೈಮಿಗೆ ಹೋಗುವಾಗ ಬಸ್ಸಿನಲ್ಲಿ ಎರಡು ದಿನ ವಾಂತಿ ಮಾಡಿಕೊಂಡು ಹೋದೆ. ಹಕ್ಕಿನ ಪುಸ್ತಕಗಳನ್ನೆಲ್ಲ ಓದಿದವಳು!

ನಾಲ್ಕು ವರ್ಷದ ಅರ್ಜಿ ಬರೆದಿದ್ದೇವೆ. ತವಮಣಿ ಅಕ್ಕನ ಮನೆಯಲ್ಲಿ ಎಲ್ಲರೂ ಕೂತು, ಒಬ್ಬೊಬ್ಬರನ್ನೂ ಕೇಳಿ, ಒಪ್ಪಿದ ಮೇಲೆ ಸಹಿ ಹಾಕಿಸಿದೆವು. ಹನ್ನೊಂದು ಸಹಿ. ಹನ್ನೆರಡನೆಯದು ಗುನ್‌ವೊರ್‌ದು. ಈ ಸಲ ಕೈ ನಡುಗಿತು ಎಂದು ನನಗೆ ತೋರಿಸಿದಳು. ಆಫೀಸಿನವರು ಇನ್ನೂ ಉತ್ತರ ಕೊಟ್ಟಿಲ್ಲ. ಕೊಡದಿದ್ದರೆ ಮುಂದೇನು ಮಾಡುವುದು ಎಂದು ನಿನ್ನನ್ನೇ ಕೇಳುತ್ತೇವೆ. ಅದು ನಿನಗೆ ನಮಗಿಂತ ಚೆನ್ನಾಗಿ ಗೊತ್ತು.

ಗುನ್‌ವೊರೂ ನಾನೂ ರಜೆ ಹಾಕಿದ್ದೇವೆ. ಮಂಗಳವಾರ ಹದಿನೆಂಟರ ಸಂಜೆ ಎಂಟೂಕಾಲರ ಹಡಗು. ನಾಲ್ಕು ರಾತ್ರಿ ಕುರ್ಚಿಯ ಮೇಲೆ. "ನಿದ್ದೆ ಹೇಗೇ ಮಾಡ್ತೀಯ?" ಎಂದು ತವಮಣಿ ಅಕ್ಕ ಹೌಹಾರಿದಳು. "ಜೂನಲ್ಲಿ ಸೂರ್ಯನೇ ಮಲಗಲ್ಲ, ನಾನ್ಯಾಕೆ ಮಲಗಲಿ?" ಎಂದೆ. ಕತ್ತಲಲ್ಲಿ ಬಂದವಳು ನಾನು, ಈ ಸಲ ಒಂದು ಬೆಟ್ಟವನ್ನೂ ಬಿಡುವುದಿಲ್ಲ. ಹನ್ನೊಂದೂ ಜನ ಕಟ್ಟೆಗೆ ಬರುತ್ತಾರಂತೆ, ಹತ್ತು ಜನ ಕಳಿಸಲು, ಒಬ್ಬಳು ಹತ್ತಲು. ಮುಂದಿನ ವರ್ಷ ಯಾರ ಸರದಿ ಎಂದು ಆಗಲೇ ಜಗಳ ಶುರುವಾಗಿದೆ. ನೀರಿಗೆ ಇಳಿಸುವ ಮೊದಲೇ ತೋಣಿಗೆ ಪಾಲು!

ನೀನು ಗುನ್‌ವೊರ್‌ಗೆ ಬರೆದ ಪತ್ರವನ್ನು ಕೊಡಲಿಲ್ಲ. ಚೆನ್ನಾಗಿಲ್ಲ ಎಂದಲ್ಲ, ನಾನು ಬಿಚ್ಚಿಯೂ ನೋಡಿಲ್ಲ. ಕಾಗದದಲ್ಲಿ ಆದ ಗಾಯ ಕಾಗದದಲ್ಲಿ ಮಾಯುವುದು ಬೇಡ ಎನಿಸಿತು. ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಬರುತ್ತೇನೆ, ನಿನಗೇ ವಾಪಸ್ ಕೊಡುತ್ತೇನೆ. ಅವಳ ಮುಖ ನೋಡಿ ನೀನೇ ಹೇಳು. ಪಟ್ಟಿ ಬರೆದದ್ದು ತಪ್ಪು ಎನ್ನುವುದನ್ನೂ ಹೇಳು, ಉಳಿದದ್ದನ್ನೂ ಹೇಳು. ಅವಳಿಗೂ ನಿನಗೆ ಹೇಳುವುದಿದೆಯಂತೆ. "ಆ ಹುಡುಗಿಗೆ ಖಾರ ತಿನ್ನಿಸಿ ಬೆಳೆಸಿದೀಯ" ಎಂದಳು. ಅದು ಬೈಗುಳವೋ ಹೊಗಳಿಕೆಯೋ ನೀನೇ ಕೇಳಿ ತಿಳಿದುಕೋ.

ಹಡಗು ನಿಮ್ಮೂರಿನಲ್ಲಿ ಮೂರೂವರೆ ಗಂಟೆ ನಿಲ್ಲುತ್ತದೆ. ನಿನಗೆ ಬೆಳಿಗ್ಗೆ ಏಳುವ ಅಭ್ಯಾಸವಿಲ್ಲ ಎಂದು ಗೊತ್ತು, ಆದರೂ ಏಳು. ಮೇಲಟ್ಟದಲ್ಲಿ ಕೆಂಪು ಕೋಟು ಕಂಡರೆ ಕೈ ಬೀಸು. ದಡದಲ್ಲಿ ನಿಂತು ನೋಡುವ ಸರದಿ ಈ ಸಲ ನಿನ್ನದು.

ಜೂನ್ 22, ಶನಿವಾರ, ಬೆಳಿಗ್ಗೆ ಆರೂವರೆ, ಟ್ರೊಂಡ್‌ಹೈಮ್ ಹಡಗುಕಟ್ಟೆ.

ನಿನ್ನ ಚಿತ್ತಿ,
ಪುನಿತವತಿ